ಎದೆಯೊಳಗೊಂದು ಕೋಡಿ

ಕೆರೆ ಕಟ್ಟಿಸಿದ ನಮ್ಮ ಹಿರಿಯರು ಮೂರು ಅಂಗಗಳನ್ನು ಮರೆಯುತ್ತಿರಲಿಲ್ಲ. ಒಂದು ಏರಿ, ಎರಡನೆಯದು ತೂಬು, ಮೂರನೆಯದು ಕೋಡಿ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಗದ್ದೆಗೆ ನೀರು ಬಿಡುತ್ತದೆ. ಕೋಡಿ ಹೆಚ್ಚಾದ ನೀರನ್ನು ಹಳ್ಳಕ್ಕೆ ಹರಿಸುತ್ತದೆ. ಕೋಡಿಯಲ್ಲಿ ಹೋದ ನೀರು ಬೆಳೆಗೆ ಸಿಕ್ಕುವುದಿಲ್ಲ, ಲೆಕ್ಕಕ್ಕೆ ಅದು ನಷ್ಟವೇ. ಆದರೆ ಕೋಡಿ ಇಲ್ಲದ ಕೆರೆಗೆ ಒಂದು ಜಡಿಮಳೆ ಬಿದ್ದರೆ ಏರಿಯೇ ಒಡೆದು ಕೆರೆಯೂ ಇಲ್ಲ, ಊರೂ ಇಲ್ಲ ಎಂಬಂತಾಗುತ್ತದೆ. ಮಡಕಶಿರಾ, ರಾಯದುರ್ಗದ ಕಡೆಯವರಿಗೂ ಹೊಸೂರಿನ ಕಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನುಷ್ಯನ ಎದೆಯೊಳಗೂ ಇಂತಹದೇ ಒಂದು ಕೋಡಿಯನ್ನು ತೆಗೆದು ಜೀವ ಉಳಿಸುವ ವಿದ್ಯೆಯೊಂದಿದೆ. ಅದು ಹೇಗೆ ಹುಟ್ಟಿತು, ಯಾವ ಯಾವ ಊರುಗಳನ್ನು ಸುತ್ತಿಕೊಂಡು ಬಂತು ಎಂಬುದೇ ಈ ದಿನದ ವಿಷಯ. ಇದರಲ್ಲಿ ಒಂದು ವಿಚಿತ್ರವಿದೆ. ಯಾವ ಶಸ್ತ್ರಕ್ರಿಯೆ ಈ ರೋಗವನ್ನು ತರುತ್ತದೆ ಎಂದು ವೈದ್ಯರು ಕೈಬಿಟ್ಟಿದ್ದರೋ, ಅದೇ ಶಸ್ತ್ರಕ್ರಿಯೆ ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅದೇ ರೋಗಕ್ಕೆ ಮದ್ದಾಗಿ ಮರಳಿ ಬಂತು.

ಮೊದಲು ರೋಗವನ್ನು ತಿಳಿಯೋಣ. ನಮ್ಮ ಹೃದಯ ಒಂದೇ ಮನೆಯಲ್ಲಿರುವ ಎರಡು ಪಂಪುಗಳು. ಬಲಗಡೆಯ ಪಂಪು ದೇಹದಿಂದ ಬಂದ ಕಪ್ಪುಗೆಂಪು ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ. ಅಲ್ಲಿ ಗಾಳಿಯ ಆಮ್ಲಜನಕ ಸೇರಿ ಅದು ಕೆಂಪಾಗಿ ಎಡಗಡೆಗೆ ಬರುತ್ತದೆ. ಎಡಗಡೆಯ ಪಂಪು ಅದನ್ನು ತಲೆಯಿಂದ ಕಾಲಿನವರೆಗೆ ಕಳಿಸುತ್ತದೆ. ಒಂದೊಂದು ಕಡೆಯಲ್ಲೂ ಎರಡೆರಡು ಕೋಣೆಗಳು. ಮೇಲಿನದು ರಕ್ತವನ್ನು ಬರಮಾಡಿಕೊಳ್ಳುವ ಹೃತ್ಕರ್ಣ, ಕೆಳಗಿನದು ಅದನ್ನು ತಳ್ಳುವ ಹೃತ್ಕುಕ್ಷಿ. ಬ್ಯಾಂಕಿನ ಲೆಡ್ಜರಿನಲ್ಲಿ ಜಮಾ ಖರ್ಚು ತಾಳೆಯಾಗಬೇಕಾದ ಹಾಗೆ, ಬಲಗಡೆ ಎಷ್ಟು ರಕ್ತ ತಳ್ಳುತ್ತದೋ ಎಡಗಡೆಗೆ ಅಷ್ಟೇ ಬರಬೇಕು, ಅಷ್ಟೇ ಹೊರಗೆ ಹೋಗಬೇಕು.

ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಎಡಗಡೆಯ ಪಂಪಿನ ಒತ್ತಡ. ಅದು ಸರಾಸರಿ 90-100 ಮಿಲಿಮೀಟರ್ ಪಾದರಸದಷ್ಟು. ಶ್ವಾಸಕೋಶದ ಕಡೆಯ ಒತ್ತಡ ಇದರ ಆರನೆಯ, ಏಳನೆಯ ಒಂದು ಪಾಲು ಮಾತ್ರ, ಸುಮಾರು 14 ಮಿಲಿಮೀಟರ್. ಆದ್ದರಿಂದ ಬಲಗಡೆಯ ಹೃತ್ಕುಕ್ಷಿಯ ಗೋಡೆ ತೆಳು. ಶ್ವಾಸಕೋಶದ ಸಣ್ಣ ಸಣ್ಣ ರಕ್ತನಾಳಗಳು ಒಳಗಿನಿಂದ ದಪ್ಪಗಾಗಿ ದಾರಿ ಮುಚ್ಚುತ್ತಾ ಬಂದರೆ ಈ ತೆಳುಗೋಡೆಯ ಪಂಪು ಹೆಚ್ಚು ಹೆಚ್ಚು ಬಲ ಹಾಕಬೇಕಾಗುತ್ತದೆ. ಒತ್ತಡ 50, 60, 80 ಎಂದು ಏರುತ್ತದೆ. ಇದೇ ಶ್ವಾಸಕೋಶದ ಏರೊತ್ತಡ. ತೋಳಿನ ಪಟ್ಟಿಯಲ್ಲಿ ಇದು ತಿಳಿಯುವುದಿಲ್ಲ. ರೋಗಿಯ ಬಿ.ಪಿ. ಸರಿಯಾಗಿದೆ ಎಂದೇ ಚೀಟಿಯಲ್ಲಿ ಬರೆದಿರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ನೀರಿನ ಕೊಡ ಎತ್ತಿದರೆ ಬವಳಿ, ಕಾಲಿನಲ್ಲಿ ಬಾವು. ಕೊನೆಗೆ ಬಲಗಡೆಯ ಹೃದಯ ಏರಿ ಒಡೆದ ಕೆರೆಯಂತೆ ಸೋಲುತ್ತದೆ.

ಈ ಏರೊತ್ತಡಕ್ಕೆ ಕಾರಣ ಒಂದೇ ಅಲ್ಲ. ಕೀಲುಜ್ವರದಿಂದ ಎಡಗಡೆಯ ಮೈಟ್ರಲ್ ಕವಾಟ ಕಿರಿದಾದರೆ ರಕ್ತ ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ನಮ್ಮ ದೇಶದಲ್ಲಿ ಇದು ಬಹಳ ಜನ ಬಡ ಮಕ್ಕಳನ್ನು ಕಾಡಿದ ಕಾಯಿಲೆ. ಆ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಕ್ರಮವನ್ನು ಜಪಾನಿನ ಡಾ. ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿದರು. ಅಮೆರಿಕದ ಡಾ. ಜೇಮ್ಸ್ ಲಾಕ್ ನಮ್ಮ ದೇಶದ ವೈದ್ಯರ ಜೊತೆ ಸೇರಿ 8 ಮಂದಿ ಎಳೆಯ ರೋಗಿಗಳಿಗೆ ಇಂತಹ ಚಿಕಿತ್ಸೆ ಕೊಟ್ಟ ವರದಿ 1985ರಲ್ಲಿ ಪ್ರಕಟವಾಯಿತು. ಇನ್ನು ಕೆಲವರಿಗೆ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡು ಗಟ್ಟಿಯಾಗಿರುತ್ತದೆ. ಅದನ್ನು ನಾಳದ ಒಳಪದರದ ಸಮೇತ ಸುಲಿದು ತೆಗೆಯುವ ದೊಡ್ಡ ಶಸ್ತ್ರಕ್ರಿಯೆಯನ್ನು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1970ರಲ್ಲಿ ಡಾ. ನೈನಾ ಬ್ರೌನ್‌ವಾಲ್ಡ್ ಎಂಬ ಮಹಿಳೆ ಆರಂಭಿಸಿದರು. ಈಗ ಅದು ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲೂ ನಡೆಯುತ್ತದೆ. ಈ ಎರಡು ಬಗೆಗಳಲ್ಲಿ ಅಡ್ಡಿ ಎಲ್ಲಿದೆ ಎಂದು ಗೊತ್ತು, ಆದ್ದರಿಂದ ಅದನ್ನು ತೆಗೆಯಬಹುದು. ಆದರೆ ಶ್ವಾಸಕೋಶದ ಸಾವಿರಾರು ಸಣ್ಣ ನಾಳಗಳೇ ದಪ್ಪಗಾದರೆ ಯಾವುದನ್ನು ಹಿಗ್ಗಿಸುವುದು, ಯಾವುದನ್ನು ಸುಲಿಯುವುದು? ಕೋಡಿಯ ಮಾತು ಹುಟ್ಟಿದ್ದು ಇಂತಹವರಿಗಾಗಿ.

ಈ ಕಾಯಿಲೆಯ ಗುರುತು ಮೊದಲು ಸಿಕ್ಕಿದ್ದು ಸತ್ತವರ ದೇಹದಲ್ಲಿ. 1891ರಲ್ಲಿ ಜರ್ಮನಿಯ ಡಾ. ಅರ್ನ್ಸ್ಟ್ ಫಾನ್ ರೋಂಬರ್ಗ್ ಅವರು ಶವಪರೀಕ್ಷೆಯಲ್ಲಿ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿದ್ದುದನ್ನು ಕಂಡು ಬರೆದಿಟ್ಟರು. ಕಾರಣ ಅವರಿಗೆ ತಿಳಿಯಲಿಲ್ಲ. ಬದುಕಿದವರ ಶ್ವಾಸಕೋಶದ ಒತ್ತಡವನ್ನು ಅಳೆಯುವುದು ಆಗ ಕನಸಿನ ಮಾತು. ಅದಕ್ಕೆ ದಾರಿ ತೆರೆದವರು ಡಾ. ವರ್ನರ್ ಫೋರ್ಸ್‌ಮನ್. 1929ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ಈ ತರುಣ ವೈದ್ಯರು ತಮ್ಮ ಮೊಣಕೈ ಬಳಿಯ ರಕ್ತನಾಳದ ಮೂಲಕ ಸಪೂರವಾದ ಕೊಳವೆಯನ್ನು 65 ಸೆಂಟಿಮೀಟರ್‌ನಷ್ಟು ಒಳಗೆ ತೂರಿಸಿ, ಎಕ್ಸ್‌ರೇ ಕೋಣೆಯವರೆಗೆ ನಡೆದುಕೊಂಡು ಹೋಗಿ, ಕೊಳವೆಯ ತುದಿ ತಮ್ಮ ಹೃದಯದಲ್ಲಿರುವ ಚಿತ್ರ ತೆಗೆಸಿಕೊಂಡರು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಆಂದ್ರೆ ಕೂರ್ನಾಂ ಮತ್ತು ಡಿಕಿನ್ಸನ್ ರಿಚರ್ಡ್ಸ್ 1940ರ ದಶಕದಲ್ಲಿ ಆ ಕೊಳವೆಯಿಂದ ಹೃದಯದೊಳಗಿನ ಒತ್ತಡವನ್ನು ಅಳೆಯುವ ಕ್ರಮವನ್ನು ರೂಢಿಗೆ ತಂದರು. ಮೂವರಿಗೂ 1956ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1951ರಲ್ಲಿ ಡಾ. ಡೇವಿಡ್ ಡ್ರೆಸ್‌ಡೇಲ್ ಮತ್ತು ಸಂಗಡಿಗರು, ಬೇರೆ ಯಾವ ಕಾರಣವೂ ಕಾಣದೆ ಬರುವ ಈ ಏರೊತ್ತಡಕ್ಕೆ 'ಪ್ರಾಥಮಿಕ' ಎಂಬ ವಿಶೇಷಣ ಕೊಟ್ಟರು. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರನ್ನು ಸೇರಿಸಿದಾಗ, ಸರಾಸರಿ ಒತ್ತಡ 25 ದಾಟಿದರೆ ರೋಗ ಎಂದು ಗೆರೆ ಹಾಕಲಾಯಿತು. 2018ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ನಡೆದ ಸಮ್ಮೇಳನ ಆ ಗೆರೆಯನ್ನು 20ಕ್ಕೆ ಇಳಿಸಿತು.

ಈಗ ಕೋಡಿಯ ಕಥೆಗೆ ಬರೋಣ. ಅದು ಶುರುವಾಗುವುದು ಅಮೆರಿಕದ ನ್ಯಾಶ್‌ವಿಲ್ ಎಂಬ ಊರಿನಲ್ಲಿ. ಅಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಡಾ. ಆಲ್ಫ್ರೆಡ್ ಬ್ಲಾಲಾಕ್ ಎಂಬ ಶಸ್ತ್ರವೈದ್ಯರಿದ್ದರು. ಅವರ ಪ್ರಯೋಗಶಾಲೆಯಲ್ಲಿ ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ತರುಣ ಸಹಾಯಕರಾಗಿದ್ದರು. ಥಾಮಸ್ ಓದಿದ್ದು ಹೈಸ್ಕೂಲು, ಕಲಿತ ಕಸುಬು ಬಡಗಿಯದು. ಕಾಲೇಜಿಗೆಂದು ಕೂಡಿಟ್ಟ ಹಣ ಆ ಕಾಲದ ಆರ್ಥಿಕ ಮುಗ್ಗಟ್ಟಿನಲ್ಲಿ ಬ್ಯಾಂಕು ಮುಳುಗಿದಾಗ ಹೋಯಿತು. ಬ್ಯಾಂಕಿನ ಕೆಲಸದಲ್ಲಿ ತಲೆ ನರೆತ ನನ್ನಂಥವನಿಗೆ ಈ ಸಂಗತಿ ಓದಿದಾಗ ಮನಸ್ಸು ಕಲಕಿತು. ಒಂದು ಪಾಸ್‌ಬುಕ್ಕು ವ್ಯರ್ಥವಾದರೆ ಹಿಂದೆ ಎಂತಹ ಬಾಳು ನಿಂತಿರುತ್ತದೆಂದು ಕೌಂಟರಿನ ಈಚೆ ಕೂತವರಿಗೆ ಕಾಣುವುದಿಲ್ಲ.

1938ರಲ್ಲಿ ಈ ಇಬ್ಬರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ತೋಳಿಗೆ ಹೋಗುವ ದೊಡ್ಡ ನಾಳವನ್ನು ಕತ್ತರಿಸಿ ಶ್ವಾಸಕೋಶದ ನಾಳಕ್ಕೆ ಜೋಡಿಸಿದರು. ಉದ್ದೇಶವೇನು ಗೊತ್ತೇ? ಶ್ವಾಸಕೋಶಕ್ಕೆ ಹೆಚ್ಚು ರಕ್ತ ನುಗ್ಗಿಸಿ ಅಲ್ಲಿ ಏರೊತ್ತಡ ಉಂಟುಮಾಡಿ ಅಧ್ಯಯನ ಮಾಡುವುದು. ಆದರೆ ಒತ್ತಡ ಏರಲಿಲ್ಲ, ಪ್ರಯೋಗ ಕೈಕೊಟ್ಟಿತು. ಜೋಡಣೆ ಮಾತ್ರ ಗಟ್ಟಿಯಾಗಿ ನಿಂತಿತ್ತು.

1941ರಲ್ಲಿ ಬ್ಲಾಲಾಕ್ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು, ಥಾಮಸ್ ಅವರನ್ನೂ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳ ಹೃದಯತಜ್ಞೆ ಡಾ. ಹೆಲೆನ್ ಟಾಸಿಗ್ ಇದ್ದರು. ಹುಟ್ಟಿನಿಂದಲೇ ಮೈ ನೀಲಿಗಟ್ಟಿದ ಮಕ್ಕಳನ್ನು ಅವರು ನೋಡುತ್ತಿದ್ದರು. ಈ ಮಕ್ಕಳಿಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿರುತ್ತದೆ. ಅಲ್ಲಿಗೆ ರಕ್ತ ಒಯ್ಯುವ ಹೊಸ ಕಾಲುವೆಯೊಂದು ಬೇಕು ಎಂದು ಅವರು ಕೇಳಿದರು. ನ್ಯಾಶ್‌ವಿಲ್ಲಿನಲ್ಲಿ ಸೋತ ಪ್ರಯೋಗ ಆಗ ನೆನಪಿಗೆ ಬಂತು. 1944ರ ನವೆಂಬರ್ 29ರಂದು ಬ್ಲಾಲಾಕ್ ಎಳೆಯ ಹೆಣ್ಣುಮಗುವೊಂದಕ್ಕೆ ಆ ಜೋಡಣೆ ಮಾಡಿದರು. ನಾಯಿಗಳ ಮೇಲೆ ನೂರಾರು ಸಲ ಕೈ ಪಳಗಿಸಿಕೊಂಡಿದ್ದ ಥಾಮಸ್ ಹಿಂದೆ ಸ್ಟೂಲಿನ ಮೇಲೆ ನಿಂತು ಹೊಲಿಗೆಯ ಹದ ಹೇಳುತ್ತಿದ್ದರು. ಡಾಕ್ಟರಲ್ಲದ ಆ ಬಡಗಿಗೆ ಅದೇ ಸಂಸ್ಥೆ 1976ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಎರಡು ವರ್ಷಗಳ ನಂತರ, 1946ರಲ್ಲಿ, ಷಿಕಾಗೋ ನಗರದ ಡಾ. ವಿಲ್ಲಿಸ್ ಪಾಟ್ಸ್ ಅದೇ ನೀಲಿ ಮಕ್ಕಳಿಗೆ ಬೇರೊಂದು ಉಪಾಯ ತಂದರು. ತೋಳಿನ ನಾಳವನ್ನು ಕತ್ತರಿಸುವ ಬದಲು, ಬೆನ್ನಿನ ಗುಂಟ ಕೆಳಗಿಳಿಯುವ ಮಹಾಪಧಮನಿಗೂ ಅದರ ಪಕ್ಕದಲ್ಲೇ ಇರುವ ಎಡ ಶ್ವಾಸಕೋಶದ ನಾಳಕ್ಕೂ ನಡುವೆ ಕಿಟಕಿಯಂತೆ ತೂತು ಮಾಡಿ ಎರಡನ್ನೂ ಹೊಲಿದುಬಿಡುವುದು. ಇದಕ್ಕಾಗಿ ಸಣ್ಣ ಹಲ್ಲುಗಳಿರುವ ವಿಶೇಷ ಚಿಮ್ಮಟವನ್ನೂ ಮಾಡಿಸಿದರು. ಮಹಾಪಧಮನಿಯ ಒಂದು ಪಕ್ಕವನ್ನು ಮಾತ್ರ ಅದು ಹಿಡಿಯುತ್ತಿತ್ತು. ಮಿಕ್ಕ ಭಾಗದಲ್ಲಿ ರಕ್ತ ಹರಿಯುತ್ತಲೇ ಇರುತ್ತಿತ್ತು. ನೀಲಿಯಾಗಿದ್ದ ಮಕ್ಕಳು ಕೆಂಪಾಗಿ ಮನೆಗೆ ಹೋದರು. 'ಪಾಟ್ಸ್ ಜೋಡಣೆ' ಎಂಬ ಹೆಸರು ನಿಂತಿತು.

ಆದರೆ ವರ್ಷಗಳು ಕಳೆದಂತೆ ಬೇರೆ ಕಥೆ ಕಾಣಿಸಿತು. ಮಗು ಬೆಳೆದಂತೆ ಕಿಟಕಿಯೂ ದೊಡ್ಡದಾಗುತ್ತಿತ್ತು. ಮಹಾಪಧಮನಿಯ ಹೆಚ್ಚಿನ ಒತ್ತಡದ ರಕ್ತ ಹಗಲು ರಾತ್ರಿ ಶ್ವಾಸಕೋಶಕ್ಕೆ ನುಗ್ಗಿ ಅಲ್ಲಿನ ಸಣ್ಣ ನಾಳಗಳು ದಪ್ಪಗಾದವು, ಗಡುಸಾದವು. ಬ್ಲಾಲಾಕ್ ನಾಯಿಗಳಲ್ಲಿ ಬೇಕೆಂದು ಹುಡುಕಿ ಕಾಣದ ಏರೊತ್ತಡ, ಪಾಟ್ಸ್ ಅವರ ಮಕ್ಕಳಲ್ಲಿ ಹಲವರಿಗೆ ಬೇಡವೆಂದರೂ ಬಂತು. ಮುಂದೆ ಆ ಕಿಟಕಿಯನ್ನು ಮುಚ್ಚುವುದೂ ಬಲು ಕಷ್ಟ. 1954ರಿಂದ ನೀಲಿ ಮಕ್ಕಳ ಹೃದಯವನ್ನೇ ತೆರೆದು ದೋಷವನ್ನು ಪೂರ್ತಿ ಸರಿಪಡಿಸುವ ಕಾಲವೂ ಬಂದುದರಿಂದ ಪಾಟ್ಸ್ ಜೋಡಣೆ ಮೆಲ್ಲಮೆಲ್ಲಗೆ ಮೂಲೆ ಸೇರಿತು. ಪಠ್ಯಪುಸ್ತಕದಲ್ಲಿ 'ಮಾಡಬಾರದು' ಎಂಬ ಪಾಠಕ್ಕೆ ಅದು ಉದಾಹರಣೆಯಾಯಿತು.

ಇತ್ತ ಇನ್ನೊಂದು ಗಮನಿಕೆ ವೈದ್ಯರ ಮನಸ್ಸಿನಲ್ಲಿ ಕೂತಿತ್ತು. 1897ರಲ್ಲಿ ವಿಯೆನ್ನಾದ ಡಾ. ವಿಕ್ಟರ್ ಐಸನ್‌ಮೆಂಗರ್ ಒಬ್ಬ ರೋಗಿಯ ವಿಷಯ ಬರೆದಿದ್ದರು. ಆತನಿಗೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದಲೇ ದೊಡ್ಡ ರಂಧ್ರವಿತ್ತು. ಚಿಕ್ಕಂದಿನಿಂದ ಏದುಸಿರು, ಮೈ ನೀಲಿ. ಆದರೂ 32 ವರ್ಷದವರೆಗೆ ಬದುಕಿದ್ದ. 1958ರಲ್ಲಿ ಲಂಡನ್ನಿನ ಡಾ. ಪಾಲ್ ವುಡ್ ಇಂತಹ ಬಹಳ ಜನರನ್ನು ಪರೀಕ್ಷಿಸಿ ಕಾರಣ ಬಿಡಿಸಿ ಹೇಳಿದರು. ಮೊದಮೊದಲು ರಂಧ್ರದ ಮೂಲಕ ಎಡದಿಂದ ಬಲಕ್ಕೆ ರಕ್ತ ನುಗ್ಗಿ ಶ್ವಾಸಕೋಶದ ನಾಳಗಳು ಕೆಡುತ್ತವೆ. ಒತ್ತಡ ಏರಿ ಏರಿ ಕೊನೆಗೆ ಹರಿವು ತಿರುಗಿ ಬಲದ ಕಪ್ಪು ರಕ್ತ ಎಡಕ್ಕೆ ಬರುತ್ತದೆ, ಮೈ ನೀಲಿಗಟ್ಟುತ್ತದೆ. ಆ ಹಂತ ಮುಟ್ಟಿದ ಮೇಲೆ ರಂಧ್ರವನ್ನು ಮುಚ್ಚಬಾರದು, ಮುಚ್ಚಿದರೆ ರೋಗಿ ಉಳಿಯುವುದಿಲ್ಲ ಎಂದು ಅನುಭವ ಕಲಿಸಿತು. ರಂಧ್ರವೇ ಈಗ ಕೋಡಿಯಾಗಿತ್ತು.

ಹೋಲಿಸಿ ನೋಡಿ. ಕಾರಣವಿಲ್ಲದೆ ಏರೊತ್ತಡ ಬಂದವರು, ರಂಧ್ರವಿಲ್ಲದವರು, 1980ರ ದಶಕದ ಅಮೆರಿಕದ ದಾಖಲೆಯಲ್ಲಿ ರೋಗ ಗೊತ್ತಾದ ಮೇಲೆ ಬದುಕಿದ್ದು ಹೆಚ್ಚು ಕಡಿಮೆ 2.8 ವರ್ಷ. ಅಂದರೆ ಅರ್ಧದಷ್ಟು ಜನ ಅಷ್ಟರೊಳಗೆ ತೀರಿಹೋದರು. ಹುಟ್ಟುರಂಧ್ರವಿದ್ದವರು ಅಷ್ಟೇ ಒತ್ತಡವಿದ್ದರೂ ಮೂವತ್ತು, ನಲವತ್ತರ ವಯಸ್ಸಿನವರೆಗೆ ನಡೆದರು. ಹಾಗಾದರೆ ರಂಧ್ರವಿಲ್ಲದವರಿಗೆ ನಾವೇ ಒಂದು ರಂಧ್ರ ಮಾಡಿದರೆ?

ರಂಧ್ರ ಮಾಡುವ ಕೈಚಳಕ ಅಷ್ಟರಲ್ಲಿ ಬೇರೆ ಕಾರಣಕ್ಕೆ ಸಿದ್ಧವಾಗಿತ್ತು. ಎರಡು ಮಹಾನಾಳಗಳು ಅದಲು ಬದಲಾಗಿ ಹುಟ್ಟುವ ಮಕ್ಕಳಿಗೆ ಕೆಂಪು ರಕ್ತ, ಕಪ್ಪು ರಕ್ತ ಬೆರೆಯುವ ದಾರಿಯೊಂದು ಬೇಕು. ಅದಕ್ಕಾಗಿ ಬ್ಲಾಲಾಕ್ ಮತ್ತು ಹ್ಯಾನ್ಲನ್ 1950ರಲ್ಲಿ ಶಸ್ತ್ರಕ್ರಿಯೆಯಿಂದ ಮೇಲಿನ ಕೋಣೆಗಳ ನಡುಗೋಡೆಯ ತುಂಡು ತೆಗೆಯುವ ವಿಧಾನವನ್ನು ವರದಿ ಮಾಡಿದರು. 1966ರಲ್ಲಿ ಫಿಲಡೆಲ್ಫಿಯಾದ ಡಾ. ವಿಲಿಯಂ ರಾಶ್ಕಿಂಡ್ ಎದೆಯನ್ನು ಕೊಯ್ಯದೆಯೇ ತೊಡೆಯ ನಾಳದಿಂದ ಕೊಳವೆ ತೂರಿಸಿ, ಅದರ ತುದಿಯ ಬಲೂನನ್ನು ಎಡಗಡೆಯಲ್ಲಿ ಉಬ್ಬಿಸಿ, ಬಲಕ್ಕೆ ಜಗ್ಗಿ ಗೋಡೆಯನ್ನು ಹರಿಯುವ ಕ್ರಮ ತೋರಿಸಿದರು. ಎಳೆಮಗುವಿನ ಗೋಡೆ ಕಾಗದದಷ್ಟು ತೆಳು, ಹರಿಯುತ್ತದೆ. ದೊಡ್ಡವರದು ಗಟ್ಟಿ. ಅದಕ್ಕೆ ತುದಿಯಲ್ಲಿ ಪುಟ್ಟ ಅಲಗಿರುವ ಕೊಳವೆಯನ್ನು 1970ರ ದಶಕದಲ್ಲಿ ಡಾ. ಸಾಂಗ್ ಪಾರ್ಕ್ ತಂದರು.

1983ರಲ್ಲಿ ಡಾ. ಸ್ಟುವರ್ಟ್ ರಿಚ್ ಮತ್ತು ಡಾ. ಲ್ಯಾಮ್, ಔಷಧಿಗೆ ಬಗ್ಗದ ಏರೊತ್ತಡದ ರೋಗಿಗೆ ಹೀಗೆ ನಡುಗೋಡೆಯಲ್ಲಿ ರಂಧ್ರ ಮಾಡಿದ ಮೊದಲ ವರದಿ ಬರೆದರು. ಇದು ಲೆಕ್ಕಕ್ಕೆ ಹೇಗೆ ಸರಿಹೋಗುತ್ತದೆ ಎಂದು ನೀವು ಕೇಳಬಹುದು. ಕಪ್ಪು ರಕ್ತ ಶುದ್ಧಿಯಾಗದೆ ದೇಹಕ್ಕೆ ಹೋದರೆ ಆಮ್ಲಜನಕ ಕಡಿಮೆಯಾಗಲಿಲ್ಲವೇ? ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ. ಎಡಗಡೆಗೆ ಮೊದಲು ಬರುತ್ತಿದ್ದುದು 10 ಕೊಡ, ಕೊಡಕ್ಕೆ 20 ಪಾವು ಆಮ್ಲಜನಕ. ಒಟ್ಟು 200 ಪಾವು. ರಂಧ್ರವಾದ ಮೇಲೆ 14 ಕೊಡ ಬರುತ್ತದೆ, ಕೊಡಕ್ಕೆ 17 ಪಾವು ಮಾತ್ರ. ಒಟ್ಟು 238 ಪಾವು. ತುಟಿ ಸ್ವಲ್ಪ ನೀಲಿಯಾದರೂ ದೇಹಕ್ಕೆ ಮುಟ್ಟುವುದು ಹೆಚ್ಚು. ಬಲಗಡೆಯ ಪಂಪಿನ ಮೇಲಿನ ಹೊರೆಯೂ ಇಳಿಯುತ್ತದೆ. ನಡೆಯುವಾಗ ಬರುವ ಬವಳಿ ಕಡಿಮೆಯಾಗುತ್ತದೆ.

ಆದರೆ ಕೋಡಿ ತೀರ ದೊಡ್ಡದಾದರೆ ಕೆರೆಯೇ ಖಾಲಿ. ಮೊದಲ ವರ್ಷಗಳಲ್ಲಿ ರಂಧ್ರ ಹೆಚ್ಚು ದೊಡ್ಡದಾಗಿ, ಕಪ್ಪು ರಕ್ತ ಒಮ್ಮೆಲೇ ನುಗ್ಗಿ, ಮೇಜಿನ ಮೇಲೆಯೇ ಪ್ರಾಣ ಹೋದವರುಂಟು. ಇದಕ್ಕೆ ಹದ ಕಂಡುಕೊಟ್ಟವರು ಮೆಕ್ಸಿಕೋ ನಗರದ ಇಗ್ನಾಸಿಯೋ ಚಾವೆಸ್ ಹೃದ್ರೋಗ ಸಂಸ್ಥೆಯ ಡಾ. ಹೂಲಿಯೋ ಸಾಂಡೊವಾಲ್. 1998ರಲ್ಲಿ ಅವರ ತಂಡ 15 ರೋಗಿಗಳ ವರದಿ ಪ್ರಕಟಿಸಿತು. ಸೂಜಿಯಿಂದ ನಡುಗೋಡೆಯನ್ನು ಚುಚ್ಚಿ ಮೊದಲು 4 ಮಿಲಿಮೀಟರ್, ಆಮೇಲೆ 8, 12 ಎಂದು ಬಲೂನನ್ನು ಹಂತಹಂತವಾಗಿ ದೊಡ್ಡದು ಮಾಡುವುದು. ಪ್ರತಿ ಹಂತದಲ್ಲೂ ಕೆಲವು ನಿಮಿಷ ಕಾದು ರಕ್ತದ ಆಮ್ಲಜನಕ, ಎಡಗಡೆಯ ಒತ್ತಡ ನೋಡುವುದು. ಇಷ್ಟು ಸಾಕು ಎಂದು ದೇಹ ಹೇಳಿದ ಕೂಡಲೇ ನಿಲ್ಲಿಸುವುದು. ಬಲ ಹೃತ್ಕರ್ಣದ ಒತ್ತಡ 20 ದಾಟಿದವರಿಗೆ, ಕೂತಲ್ಲೇ ಆಮ್ಲಜನಕ ತೀರ ಕಡಿಮೆಯಾದವರಿಗೆ ಇದನ್ನು ಮಾಡಬಾರದು ಎಂಬ ನಿಯಮವೂ ಗಟ್ಟಿಯಾಯಿತು. ಕೊನೆಯ ಉಸಿರಿಗೆ ಬಂದಾಗ ಕೋಡಿ ತೋಡಿದರೆ ಪ್ರಯೋಜನವಿಲ್ಲ ಎಂಬುದೇ ಅದರ ಅರ್ಥ. ಶ್ರೀಮಂತ ದೇಶಗಳ ದುಬಾರಿ ಔಷಧಿ ಕೈಗೆಟುಕದ ನಾಡುಗಳಿಗೆ ಈ ಮೆಕ್ಸಿಕೋ ಪಾಠ ವಿಶೇಷವಾಗಿ ಉಪಯೋಗಕ್ಕೆ ಬಂತು.

ಇದೇ ಕಾಲದಲ್ಲಿ ಬೇರೆ ಎರಡು ದಾರಿಗಳೂ ತೆರೆದವು. ಒಂದು, ಹಳೆಯ ಪಂಪು ಮತ್ತು ಶ್ವಾಸಕೋಶ ಎರಡನ್ನೂ ತೆಗೆದು ಹೊಸದನ್ನು ಇಡುವುದು. 1981ರ ಮಾರ್ಚ್ 9ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾ. ಬ್ರೂಸ್ ರೈಟ್ಜ್ ಅವರ ತಂಡ 45 ವರ್ಷದ ಮೇರಿ ಗೋಲ್ಕಿ ಎಂಬ ಮಹಿಳೆಗೆ ಹೃದಯ ಮತ್ತು ಶ್ವಾಸಕೋಶಗಳನ್ನು ಒಟ್ಟಿಗೆ ಕಸಿ ಮಾಡಿತು. ಪತ್ರಿಕೆಯೊಂದರ ಜಾಹೀರಾತು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆಕೆಗೆ ಇದ್ದುದು ಇದೇ ಪ್ರಾಥಮಿಕ ಏರೊತ್ತಡ. ಆಕೆ ಐದು ವರ್ಷಕ್ಕೂ ಹೆಚ್ಚು ಕಾಲ ಬದುಕಿ ತನ್ನ ಅನುಭವವನ್ನು ಪುಸ್ತಕವಾಗಿಯೂ ಹೇಳಿದರು. ನಮ್ಮ ದೇಶದಲ್ಲಿ ಅಂಗಾಂಗ ಕಸಿಗೆ ಕಾನೂನು ಬಂದದ್ದು 1994ರಲ್ಲಿ. ಆದರೆ ಕಸಿಗೆ ಇನ್ನೊಬ್ಬರ ಮನೆಯಲ್ಲಿ ಸಾವಾಗಬೇಕು. ಕಾಯುವವರ ಸಾಲು ಯಾವಾಗಲೂ ಉದ್ದ.

ಎರಡನೆಯ ದಾರಿ ಔಷಧಿ. ಎಪೊಪ್ರೊಸ್ಟೆನಾಲ್ ಎಂಬ ಮದ್ದನ್ನು ಪುಟ್ಟ ಪಂಪಿನಿಂದ ಹಗಲೂ ರಾತ್ರಿ ರಕ್ತಕ್ಕೆ ಹನಿಸುವ ಕ್ರಮಕ್ಕೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. 1996ರಲ್ಲಿ ಪ್ರಕಟವಾದ 81 ರೋಗಿಗಳ ಪರೀಕ್ಷೆಯಲ್ಲಿ, 12 ವಾರಗಳಲ್ಲಿ ಈ ಮದ್ದು ಸಿಗದ ಗುಂಪಿನಲ್ಲಿ 8 ಮಂದಿ ತೀರಿಕೊಂಡರು, ಸಿಕ್ಕ ಗುಂಪಿನಲ್ಲಿ ಒಬ್ಬರೂ ಇಲ್ಲ. 2001ರಲ್ಲಿ ಬೊಸೆಂಟಾನ್, 2005ರಲ್ಲಿ ಸಿಲ್ಡೆನಾಫಿಲ್ ಮಾತ್ರೆಗಳು ಅಲ್ಲಿ ಬಂದವು. 2024ರಲ್ಲಿ ಸೊಟಾಟರ್ಸೆಪ್ಟ್ ಎಂಬ ಚುಚ್ಚುಮದ್ದೂ ಸೇರಿತು. ಔಷಧಿ ಹೆಚ್ಚಾದಂತೆ ಕೋಡಿ ತೆಗೆಯುವ ಅಗತ್ಯ ಕಡಿಮೆಯಾಯಿತು. ಆದರೆ ಹೋಗಲಿಲ್ಲ. ಔಷಧಿ ಸೋತವರಿಗೆ, ಕಸಿಗೆ ಕಾಯುವವರಿಗೆ ಅದು ಇಂದಿಗೂ ಒಂದು ಆಸರೆ.

ಈಗ ಮೂಲೆ ಸೇರಿದ್ದ ಪಾಟ್ಸ್ ಜೋಡಣೆಗೆ ಹಿಂದಿರುಗೋಣ. 2004ರಲ್ಲಿ ಪ್ಯಾರಿಸ್ಸಿನ ವೈದ್ಯರಾದ ಬ್ಲಾಂ, ವೂಹೆ ಮತ್ತು ಬೊನೆ ಒಂದು ಚಿಕ್ಕ ವರದಿ ಬರೆದರು. ತೀವ್ರ ಏರೊತ್ತಡದ ಮಕ್ಕಳಿಗೆ ಅವರು ಪಾಟ್ಸ್ ಜೋಡಣೆ ಮಾಡಿದ್ದರು. ಕಿಟಕಿ ಅದೇ, ಜಾಗ ಅದೇ. ಆದರೆ ಈ ಮಕ್ಕಳಲ್ಲಿ ಶ್ವಾಸಕೋಶದ ಒತ್ತಡ ಮಹಾಪಧಮನಿಯ ಒತ್ತಡವನ್ನೂ ಮೀರಿತ್ತು. ಹಾಗಾಗಿ ರಕ್ತ ಹರಿದದ್ದು ಹಿಮ್ಮುಖವಾಗಿ. 1946ರಲ್ಲಿ ಮಹಾಪಧಮನಿಯಿಂದ ಶ್ವಾಸಕೋಶಕ್ಕೆ, 2004ರಲ್ಲಿ ಶ್ವಾಸಕೋಶದ ನಾಳದಿಂದ ಮಹಾಪಧಮನಿಗೆ. ರೋಗ ತಂದ ಕಾಲುವೆ ಈಗ ರೋಗದ ಕೋಡಿ.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಮೇಲಿನ ಕೋಣೆಗಳ ನಡುವೆ ರಂಧ್ರ ಮಾಡಿದರೆ ಬೆರಕೆ ರಕ್ತ ಇಡೀ ದೇಹಕ್ಕೆ ಹೋಗುತ್ತದೆ, ಮೆದುಳಿಗೂ ಕೂಡ. ಪಾಟ್ಸ್ ಕಿಟಕಿ ಇರುವುದು ತಲೆಗೆ, ಕೈಗೆ, ಹೃದಯಕ್ಕೆ ಹೋಗುವ ನಾಳಗಳು ಕವಲೊಡೆದ ನಂತರದ ಜಾಗದಲ್ಲಿ. ಆದ್ದರಿಂದ ಕಪ್ಪು ರಕ್ತ ಕೆಳಗಿನ ದೇಹಕ್ಕೆ ಮಾತ್ರ ಇಳಿಯುತ್ತದೆ. ಕಾಲ್ಬೆರಳು ನೀಲಿಯಾಗುತ್ತದೆ, ಕೈಬೆರಳು ಕೆಂಪಾಗಿಯೇ ಇರುತ್ತದೆ. ಮೆದುಳಿಗೂ ಹೃದಯಕ್ಕೂ ಶುದ್ಧ ರಕ್ತವೇ. 2013ರಲ್ಲಿ ಬೋಸ್ಟನ್ನಿನ ವೈದ್ಯರು ಎದೆ ಕೊಯ್ಯದೆ ಕೊಳವೆಯಿಂದಲೇ ಈ ದಾರಿ ಮಾಡಿದ್ದನ್ನೂ ವರದಿ ಮಾಡಿದರು. ಅಪಾಯ ಇಲ್ಲದ ಕೆಲಸವಲ್ಲ ಇದು. ಆಯ್ದ ಆಸ್ಪತ್ರೆಗಳಲ್ಲಿ, ಆಯ್ದ ರೋಗಿಗಳಿಗೆ ಮಾತ್ರ.

ಯೋಚಿಸಿ ನೋಡಿದರೆ ಈ ಎರಡೂ ಕೋಡಿಗಳು ಮನುಷ್ಯ ಹೊಸದಾಗಿ ಕಂಡುಹಿಡಿದವಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ, ಶ್ವಾಸಕೋಶದ ನಾಳಗಳು ಮುದುಡಿಕೊಂಡು ಅಲ್ಲಿನ ಒತ್ತಡ ಹೆಚ್ಚಾಗಿಯೇ ಇರುತ್ತದೆ. ಆಗ ಪ್ರಕೃತಿ ಎರಡು ದಾರಿ ಇಟ್ಟಿರುತ್ತದೆ. ಒಂದು ಮೇಲಿನ ಕೋಣೆಗಳ ನಡುವಿನ ರಂಧ್ರ. ಇನ್ನೊಂದು ಶ್ವಾಸಕೋಶದ ನಾಳದಿಂದ ಮಹಾಪಧಮನಿಗೆ ಸಣ್ಣ ಕೊಂಡಿ. ಮಗು ಹುಟ್ಟಿ ಅತ್ತ ಮೇಲೆ ಎರಡೂ ಮುಚ್ಚಿಕೊಳ್ಳುತ್ತವೆ. ನಾಲ್ವರಲ್ಲಿ ಒಬ್ಬರಿಗೆ ಮೇಲಿನ ರಂಧ್ರ ಪೂರ್ತಿ ಬೆಸೆಯದೆ ಕದ ಮುಚ್ಚಿದಂತೆ ಮಾತ್ರ ಇರುತ್ತದೆ, ಅದರಿಂದ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ವೈದ್ಯರು ಮಾಡಿದ್ದು ಪ್ರಕೃತಿ ಮುಚ್ಚಿದ ಬಾಗಿಲನ್ನು ಕಷ್ಟಕಾಲದಲ್ಲಿ ಮತ್ತೆ ತೆರೆದದ್ದು.

ಈ ಇತಿಹಾಸದಿಂದ ನಮಗೆ ತಿಳಿಯುವುದು ಕಾಲದ ಮಹತ್ವ. ಒಂದೇ ರಂಧ್ರ ಎಳೆತನದಲ್ಲಿ ರೋಗದ ಬೀಜ, ಕಾಲ ಮೀರಿದ ಮೇಲೆ ಜೀವದ ಆಸರೆ. ಎಳೆತನದಲ್ಲಿ ಮುಚ್ಚಿದರೆ ಮಗು ಎಲ್ಲರಂತೆ ಬಾಳುತ್ತದೆ. ತಡವಾದರೆ ಮುಚ್ಚುವ ಹಾಗೂ ಇಲ್ಲ. ಆದ್ದರಿಂದ ಹಾಲು ಕುಡಿಯುವಾಗ ಬೆವರುವ, ತೂಕ ಏರದ, ಪದೇ ಪದೇ ಎದೆಗೆ ಕಫ ಕಟ್ಟಿ ಜ್ವರ ಬರುವ, ಅತ್ತರೆ ತುಟಿ ನೀಲಿಯಾಗುವ ಮಗುವನ್ನು 'ಬೆಳೆದರೆ ಸರಿಹೋಗುತ್ತದೆ' ಎಂದು ಮನೆಯಲ್ಲಿಟ್ಟುಕೊಳ್ಳಬಾರದು. ಕೆಲವು ಸಣ್ಣ ರಂಧ್ರಗಳು ತಾವಾಗಿ ಮುಚ್ಚಿಕೊಳ್ಳುವುದು ನಿಜ. ಆದರೆ ಯಾವುದು ಮುಚ್ಚುತ್ತದೆ ಎಂದು ಹೇಳಬೇಕಾದದ್ದು ಎಕೋ ಪರೀಕ್ಷೆ ಮಾಡಿದ ವೈದ್ಯರು, ಅಜ್ಜಿಯಲ್ಲ, ಅಕ್ಕಪಕ್ಕದವರಲ್ಲ. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಇಂತಹ ಮಕ್ಕಳನ್ನು ಗುರುತಿಸುತ್ತಾರೆ. ಕಾಸರಗೋಡು, ವಯನಾಡಿನವರಿಗೆ ಕೇರಳ ಸರ್ಕಾರ 2017ರಲ್ಲಿ ಆರಂಭಿಸಿದ 'ಹೃದ್ಯಂ' ಯೋಜನೆಯಿದೆ. ಮಡಕಶಿರಾದ ಕಡೆಯವರಿಗೆ ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಸತ್ಯಸಾಯಿ ಉನ್ನತ ವೈದ್ಯಕೀಯ ಸಂಸ್ಥೆ ದೂರವಲ್ಲ.

ದೊಡ್ಡವರಿಗೂ ಒಂದು ಮಾತು. ಕಾರಣ ತಿಳಿಯದ ಏರೊತ್ತಡ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನಮ್ಮ ಹೆಣ್ಣುಮಕ್ಕಳು ದಣಿವನ್ನು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೂ 'ರಕ್ತ ಕಡಿಮೆ', 'ದಮ್ಮು' ಎಂದು ಮಾತು ಮುಗಿಯುತ್ತದೆ. ಈ ಕಾಯಿಲೆ ಇರುವವರಿಗೆ ಬಸಿರು ಪ್ರಾಣಕ್ಕೆ ಅಪಾಯ ಎಂಬುದೂ ಎಷ್ಟೋ ಮನೆಗಳಿಗೆ ತಿಳಿಯದು. ಗಡಿಭಾಗದ ನಮಗೆ ಇನ್ನೊಂದು ತೊಡಕು ಭಾಷೆಯದು. ನಾವು ಹೇಳುವುದು ಕನ್ನಡದಲ್ಲಿ, ವೈದ್ಯರು ಕೇಳುವುದು ತೆಲುಗಿನಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ. 'ಸುಸ್ತು' ಎಂಬ ಒಂದು ಮಾತಿಗೆ ಅಲ್ಲಿ ಟಾನಿಕ್ ಸಿಗಬಹುದು. ಆದ್ದರಿಂದ ಬಿಡಿಸಿ ಹೇಳಬೇಕು: ಎಷ್ಟು ಮೆಟ್ಟಿಲಿಗೆ ಉಸಿರು ಕಟ್ಟುತ್ತದೆ, ನಡೆಯುತ್ತಿರುವಾಗ ಎಚ್ಚರ ತಪ್ಪಿ ಬಿದ್ದದ್ದುಂಟೇ, ಎಷ್ಟು ಸಲ, ಕಾಲು ಊದುತ್ತದೆಯೇ. ಹತ್ತುವಾಗ, ಭಾರ ಎತ್ತುವಾಗ ಎಚ್ಚರ ತಪ್ಪುವುದು ಈ ರೋಗದ ದೊಡ್ಡ ಸುಳಿವು. ಬೇಕಾದರೆ ಆ ಭಾಷೆ ಬಲ್ಲ ಶಾಲೆಯ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ ಹೇಳಿಸಿ.

ನ್ಯಾಶ್‌ವಿಲ್ಲಿನಲ್ಲಿ ಸೋತ ಪ್ರಯೋಗದಿಂದ ಪ್ಯಾರಿಸ್ಸಿನ ಕಿಟಕಿಯವರೆಗೆ 66 ವರ್ಷಗಳ ದಾರಿ. ಅದರಲ್ಲಿ ನಡೆದವರು ನೊಬೆಲ್ ಪಡೆದ ಪಂಡಿತರು, ಕಾಲೇಜು ಕಾಣದ ಬಡಗಿ, ಹೆಸರು ತಿಳಿಯದ ಎಷ್ಟೋ ರೋಗಿಗಳು. ಅವರಲ್ಲಿ ಎಷ್ಟೋ ಜನರಿಗೆ ಚಿಕಿತ್ಸೆ ಫಲಿಸಲಿಲ್ಲ, ಆದರೆ ಅವರಿಂದ ಕಲಿತದ್ದು ಮುಂದಿನವರಿಗೆ ದಕ್ಕಿತು. ಅಷ್ಟು ಬೆಲೆ ಕೊಟ್ಟು ಬಂದ ತಿಳಿವಳಿಕೆ ನಮ್ಮ ಮನೆಯ ಮಗುವಿಗೆ ಸಕಾಲದಲ್ಲಿ ಮುಟ್ಟುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.